ಅಪ್ಪಯ್ಯನ ಕಾಲಿಗೆ ಚುಚ್ಚಿದ ಸಿಬಿರು

ಅಪ್ಪಯ್ಯ, ಅಮ್ಮ ತೀರ್ಥಹಳ್ಳಿಯಿಂದ ನಮ್ಮ ಮನೆಗೆ ಬಂದಿಳಿದ ಮರುದಿನ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅಪ್ಪಯ್ಯನಿಗೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲವೇನೋ, ಹಿಂಬಾಗಿಲು ತೆಗೆದುಕೊಂಡು ಬರಿಗಾಲಲ್ಲಿ ಮನೆ ಹಿಂದಿನ ಮರದ ಡೆಕ್ ಮೇಲೆ ಹೋಗಿ ನಿಂತರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಎರಡು ನಿಮಿಷ ಆಗಿರಲಿಲ್ಲ, "ಮಾರಾಯ್ತಿ, ಒಂದು ಸೂಜಿ ತಗಂಡು ಬಾ" ಎಂದು ಕರೆದರು. ಬಲಗಾಲಿನ ಹಿಮ್ಮಡಿಯ ಪಕ್ಕದಲ್ಲಿ ಒಂದು ಸಿಬಿರು ಹೊಕ್ಕಿತ್ತು. ಅರ್ಧ ಇಂಚು ಉದ್ದ, ಕೂದಲಿಗಿಂತ ಸ್ವಲ್ಪ ದಪ್ಪ, ಬಿಳಿ ಬಣ್ಣ.

ಸಿಬಿರು ತೆಗೆಯುವಾಗ ನನಗೆ ಅವರ ಮುಖ ನೋಡಲು ಆಗಲಿಲ್ಲ. ಹಲಗೆಯಿಂದ ಆ ಸಿಬಿರು ಎದ್ದು ನಿಲ್ಲುವ ಹಾಗೆ ಮಾಡಿದ್ದು ನಾನೇ, ಹತ್ತು ದಿನದ ಹಿಂದೆ.

ನಾವಿರುವುದು ನಾರ್ತ್ ಕ್ಯಾರೊಲೈನಾದಲ್ಲಿ, ರಾಲಿ ನಗರದ ಹೊರವಲಯದಲ್ಲಿ. ಸುತ್ತ ಎಲ್ಲಿ ನೋಡಿದರೂ ಪೈನ್ ಮರ. ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಆ ಮರಗಳು ಪರಾಗ ಉದುರಿಸುತ್ತವೆ. ಕಾರು, ಕಿಟಕಿ, ಹೊರಗಿಟ್ಟ ಕುರ್ಚಿ ಎಲ್ಲದರ ಮೇಲೂ ಅರಿಶಿನ ಚೆಲ್ಲಿದ ಹಾಗೆ ಹಳದಿ ಹುಡಿ. ಅದು ಮುಗಿಯುವ ಹೊತ್ತಿಗೆ ಇಡೀ ಕೇರಿಯಲ್ಲಿ ಪ್ರೆಶರ್ ವಾಷರ್‌ಗಳ, ಎಂದರೆ ಜೋರಾಗಿ ನೀರು ಚಿಮ್ಮಿಸಿ ತೊಳೆಯುವ ಯಂತ್ರಗಳ, ಸದ್ದು ಶುರುವಾಗುತ್ತದೆ. ಶನಿವಾರ ಬೆಳಿಗ್ಗೆ ನಾಲ್ಕು ಮನೆಯಿಂದ ಒಟ್ಟಿಗೆ ಕೇಳಿಸುತ್ತದೆ. ನಮ್ಮ ಮನೆಯಿಂದ ಮಾತ್ರ ಅಲ್ಲಿಯವರೆಗೆ ಕೇಳಿಸಿರಲಿಲ್ಲ.

ಊರಿನಲ್ಲಿರುವವರಿಗೆ ಡೆಕ್ ಎಂದರೇನು ಎಂದು ಹೇಳಬೇಕು. ಮನೆಯ ಹಿಂಗೋಡೆಗೆ ತಾಗಿಸಿ, ನೆಲದಿಂದ ಎತ್ತರದಲ್ಲಿ, ಕಂಬ ತೊಲೆಗಳ ಮೇಲೆ ಹಲಗೆ ಹೊಡೆದು ಕಟ್ಟಿದ ಅಟ್ಟ ಅದು. ಸುತ್ತ ಕಟಕಟೆ, ಇಳಿಯಲು ನಾಲ್ಕೈದು ಮೆಟ್ಟಿಲು. ಕೂರುವುದು, ಉಣ್ಣುವುದು, ಬಟ್ಟೆ ಹರವುವುದು ಎಲ್ಲ ಅಲ್ಲಿಯೇ ಆಗುವುದರಿಂದ ನಮ್ಮ ಜಗುಲಿ ಇದ್ದ ಹಾಗೆ ಅಂದುಕೊಳ್ಳಬಹುದು. ಒಂದೇ ವ್ಯತ್ಯಾಸ, ಆದರೆ ಅದೇ ದೊಡ್ಡದು: ಡೆಕ್‌ಗೆ ಸೂರಿಲ್ಲ. ನಮ್ಮೂರಿನಲ್ಲಿ ಮರವನ್ನು ಹಾಗೆ ಬಯಲಿಗೆ ಒಡ್ಡುವವರು ಯಾರೂ ಇಲ್ಲ. ಮಾಡನ್ನು ತಗ್ಗಿಸಿ ಇಳಿಸುತ್ತಾರೆ, ಮಳೆಗಾಲಕ್ಕೆ ಮೊದಲು ಸೋಗೆಯ ಜಡಿ ಕಟ್ಟಿ ಇರಚಲು ಹೊಡೆಯದ ಹಾಗೆ ನೋಡಿಕೊಳ್ಳುತ್ತಾರೆ. ಇಲ್ಲಿ ಮರವನ್ನು ಬಿಸಿಲು, ಮಳೆ, ಹಿಮಕ್ಕೆ ನೇರ ಬಿಟ್ಟುಬಿಟ್ಟು, ಅದನ್ನು ಉಳಿಸಿಕೊಳ್ಳುವ ಕೆಲಸವನ್ನೇ ಒಂದು ಕಸುಬು ಮಾಡಿಕೊಂಡಿದ್ದಾರೆ. ಆ ಕಸುಬಿನ ಬಗ್ಗೆ ನನಗೆ ಆಗ ಗೌರವ ಇರಲಿಲ್ಲ. ನೀರು ಹೊಡೆಯುವುದಕ್ಕೆ ಏನು ವಿದ್ಯೆ ಬೇಕು ಎಂದುಕೊಂಡಿದ್ದೆ.

ನಮ್ಮ ಡೆಕ್ ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲ. 2006ರಲ್ಲಿ ಮನೆಯ ಜೊತೆಗೇ ಕಟ್ಟಿದ್ದು. ಹಲಗೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು, ಉತ್ತರದ ಮೂಲೆಯಲ್ಲಿ ಹಸಿರು ಪಾಚಿ ಕಟ್ಟಿತ್ತು. ಹಿಂದಿನ ಸಲ ಬಂದಾಗ ಅಮ್ಮ ಅಲ್ಲಿಯೇ ಒಲೆ ಇಟ್ಟುಕೊಂಡು ಹಲಸಿನ ಹಪ್ಪಳ ಕರಿದಿದ್ದಳು, ಮನೆಯೊಳಗೆ ಕರಿದರೆ ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತದೆಂದು. ಎಣ್ಣೆ ಸಿಡಿದ ಕಲೆಗಳೂ ಇದ್ದವು, ತುಳಸಿ ಕುಂಡ ಇಟ್ಟಲ್ಲಿ ಕಪ್ಪು ಉಂಗುರವೂ ಇತ್ತು. ಅವರು ಬರುವುದರೊಳಗೆ ಹೊಸದರ ಹಾಗೆ ಮಾಡಿಬಿಡಬೇಕು ಎಂದು ಅಂಗಡಿಯಿಂದ ಒಂದು ದಿನದ ಬಾಡಿಗೆಗೆ ಪೆಟ್ರೋಲ್‌ನಲ್ಲಿ ಓಡುವ ಪ್ರೆಶರ್ ವಾಷರ್ ತಂದೆ. ಅದರ ಮೇಲೆ 3000 ಪಿಎಸ್‌ಐ ಎಂದು ಬರೆದಿತ್ತು. ಕಾರಿನ ಟೈರಿನಲ್ಲಿ ನಾವು ತುಂಬುವ ಗಾಳಿಯ ಒತ್ತಡ 32 ಪಿಎಸ್‌ಐ ಆಸುಪಾಸು. ಅದರ ನೂರು ಪಟ್ಟು ಹತ್ತಿರದ ಒತ್ತಡ ಕೈಯಲ್ಲಿದೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಯಂತ್ರದ ಜೊತೆ ಬಣ್ಣ ಬಣ್ಣದ ಮೂತಿಗಳು ಬರುತ್ತವೆ. ಕೆಂಪು ಎಂದರೆ ಸೊನ್ನೆ ಡಿಗ್ರಿ, ನೀರು ಸೂಜಿಯ ಹಾಗೆ ಒಂದೇ ಗೆರೆಯಲ್ಲಿ ಹೊರಬೀಳುತ್ತದೆ. ಹಳದಿ 15 ಡಿಗ್ರಿ, ಹಸಿರು 25, ಬಿಳಿ 40. ಕೋನ ಅಗಲವಾದಷ್ಟೂ ಏಟು ಮೃದು. ನಾನು ಬಿಳಿಯಿಂದ ಶುರು ಮಾಡಿದೆ, ಬೂದಿ ಬಣ್ಣ ನಿಧಾನವಾಗಿ ಹೋಗುತ್ತಿತ್ತು. ಹಳದಿ ಹಾಕಿದೆ. ಮೂತಿಯನ್ನು ಹಲಗೆಗೆ ಮೂರು ನಾಲ್ಕು ಇಂಚಿನಷ್ಟು ಹತ್ತಿರ ಹಿಡಿದೆ. ಆಹಾ, ಬೂದಿಯ ಕೆಳಗಿನಿಂದ ಹೊಂಬಣ್ಣದ ಮರ ಪಟ್ಟೆಪಟ್ಟೆಯಾಗಿ ಬಿಚ್ಚಿಕೊಂಡಿತು! ಆ ದೃಶ್ಯದಲ್ಲಿ ಒಂದು ಮಾಯೆ ಇದೆ, ಸುಳ್ಳು ಹೇಳುವುದಿಲ್ಲ. ಸಂಜೆಯವರೆಗೆ ಕೈ ನಿಲ್ಲಿಸಲಿಲ್ಲ. ಮರುದಿನ ಮರ ಒಣಗಿದಾಗ ಹಲಗೆಗಳ ಮೇಲೆಲ್ಲ ತೆಂಗಿನ ಕತ್ತದ ಹಾಗೆ ನಾರು ಎದ್ದು ನಿಂತಿತ್ತು. ನಾನು ಕೈ ಬೀಸಿದ ದಿಕ್ಕಿಗೆಲ್ಲ ಬಿಲ್ಲಿನಾಕಾರದ ಗೀರು ಮೂಡಿತ್ತು. ಬೆರಳಾಡಿಸಿದರೆ ಏರು ತಗ್ಗು. ಪೈನ್ ಮರದ ವಾರ್ಷಿಕ ಉಂಗುರದಲ್ಲಿ ವಸಂತದಲ್ಲಿ ಬೆಳೆದ ಭಾಗ ಮೆತ್ತಗೆ, ಬೇಸಿಗೆ ಕೊನೆಗೆ ಬೆಳೆದದ್ದು ಗಟ್ಟಿ. ನೀರಿನ ಏಟಿಗೆ ಮೆತ್ತನೆಯದು ಕೊಚ್ಚಿಹೋಗಿ ಗಟ್ಟಿಯದು ದಿಬ್ಬದ ಹಾಗೆ ಉಳಿದಿತ್ತು. ಒಂದೆರಡು ಬಿಸಿಲು ಕಂಡರೆ ಸರಿಹೋದೀತು ಎಂದು ನನ್ನನ್ನೇ ನಂಬಿಸಿಕೊಂಡೆ.

ಸಿಬಿರು ತೆಗೆಸಿಕೊಂಡ ಮೇಲೆ ಅಪ್ಪಯ್ಯ ಬೈಯಲಿಲ್ಲ. ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಲಗೆಯ ಮೇಲೆ ಅಂಗೈ ಸವರುತ್ತ ಹೋದರು. ಮನೆ ಕಟ್ಟುವಾಗ ಆಚಾರ್ರ ಪಕ್ಕದಲ್ಲಿ ಕೂತು ಹತ್ತರಿ ಹೊಡೆಯುವುದನ್ನು ನೋಡಿದ ಕೈ ಅದು. ಆಮೇಲೆ ಕೇಳಿದರು: "ಕೊಳೆ ಅಂತ ಎಂತದನ್ನ ತೆಗೆದೆ ನೀನು? ಇದು ಮರವೇ ಅಲ್ವನೇ?"

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೋದಾಗ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನಗಳ ಪ್ರಯೋಗಾಲಯದ ಬರಹಗಳು ಸಿಕ್ಕವು. ಅಮೆರಿಕದ ಅರಣ್ಯ ಇಲಾಖೆಯದು, 1910ರಲ್ಲಿ ಶುರುವಾದದ್ದು. ಬಯಲಿಗಿಟ್ಟ ಮರ ಹೇಗೆ ಸವೆಯುತ್ತದೆ ಎಂದು ದಶಕಗಟ್ಟಲೆ ಅಳೆದಿದ್ದಾರೆ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ವಸ್ತು ಲಿಗ್ನಿನ್. ಬಿಸಿಲಿನ ನೇರಳಾತೀತ ಕಿರಣ ಮೊದಲು ಒಡೆಯುವುದು ಅದನ್ನೇ. ಒಡೆದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಅಂಟು ಕಳೆದುಕೊಂಡ ಬಿಡಿ ನಾರು ಮೇಲೆ ಉಳಿಯುತ್ತದೆ, ಅದರ ಮೇಲೆ ಬೂಷ್ಟು ಕೂರುತ್ತದೆ. ಆ ಬೂದಿ ಬಣ್ಣ ಎಂದರೆ ಇಷ್ಟೇ. ಅದು ಕಾಗದದಷ್ಟು ತೆಳು ಪದರ, ಕೆಳಗೆ ಮರ ಗಟ್ಟಿಯಾಗಿಯೇ ಇರುತ್ತದೆ. ಹೀಗೆ ಬಿಸಿಲು ಮಳೆಗೆ ಪೈನ್‌ನಂಥ ಮೆದುಮರ ಸವೆಯುವುದು ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಮಾತ್ರ.

ಆ ಅಂಕಿ ಓದಿ ನಾನು ಸ್ಕೇಲ್ ಹಿಡಿದು ಹೊರಗೆ ಹೋದೆ. ನನ್ನ ಯಂತ್ರ ಕೊರೆದ ತಗ್ಗು ಕೆಲವು ಕಡೆ ಎರಡು ಮಿಲಿಮೀಟರ್ ಇತ್ತು. ಸೂರ್ಯ ಮೂವತ್ತು ವರ್ಷ ತೆಗೆದುಕೊಂಡು ಮಾಡುವ ಸವೆತವನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ್ದೆ.

ಕೆಲಸ ಗೊತ್ತಿರುವವರನ್ನು ಕರೆಯದೆ ಬೇರೆ ದಾರಿ ಇರಲಿಲ್ಲ. ಬಂದವರು ಅರವತ್ತು ದಾಟಿದ, ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ. ಇಲ್ಲಿನ ದಕ್ಷಿಣದವರ ರೀತಿಯಂತೆ ಮಾತುಮಾತಿಗೂ ಮ್ಯಾಮ್, ಸರ್. ಅವರು ಡೆಕ್ ಮೇಲೆ ಹತ್ತುವ ಮೊದಲು ಟಾರ್ಚ್ ಹಿಡಿದು ಅದರ ಅಡಿಗೆ ನುಗ್ಗಿದರು. ಮನೆಯ ಗೋಡೆಗೆ ಡೆಕ್ಕನ್ನು ಹಿಡಿಸುವ ಅಡ್ಡ ತೊಲೆಯನ್ನು ಬೋಲ್ಟ್ ಹಾಕಿ ಬಿಗಿದಿದ್ದಾರೋ ಬರೀ ಮೊಳೆ ಹೊಡೆದಿದ್ದಾರೋ ನೋಡಿದರು. ಡೆಕ್‌ಗಳು ಕುಸಿಯುವುದು ಹೆಚ್ಚಾಗಿ ಅದೇ ಜಾಗದಲ್ಲಿ ಎಂದು ಆಮೇಲೆ ವಿವರಿಸಿದರು. ಸ್ಕ್ರೂ ಡ್ರೈವರ್ ತುದಿಯಿಂದ ಹಲಗೆಗಳ ಕೊನೆಯನ್ನು ಚುಚ್ಚಿ ನೋಡಿದರು. ಮೂರು ಕಡೆ ಅದು ಬೆಂದ ಗೆಣಸಿಗೆ ಹೊಕ್ಕ ಹಾಗೆ ಹೊಕ್ಕಿತು. ನಾನು ತೊಳೆದು ಹೊಳಪು ಬರಿಸಿದ್ದ ಹಲಗೆಗಳೇ ಅವು, ಒಳಗೆ ಕುಂಬಾಗಿದ್ದವು. ತೊಳೆಯುವುದಕ್ಕೆ ಮೊದಲು ಚುಚ್ಚಿ ನೋಡಬೇಕು ಎಂಬುದೇ ನನಗೆ ಹೊಳೆದಿರಲಿಲ್ಲ.

ಮೇಲೆ ಬಂದು ಅವರು ಕೇಳಿದ ಮೊದಲ ಪ್ರಶ್ನೆ, "ಮನೆ ಕಟ್ಟಿದ್ದು ಯಾವ ವರ್ಷ, ಮ್ಯಾಮ್?" 2006 ಎಂದೆ. ಮುಖದ ಬಿಗಿ ಸಡಿಲವಾಯಿತು. ಗೆದ್ದಲು, ಕುಂಬು ಬಾರದಿರಲೆಂದು ಇಲ್ಲಿ ಪೈನ್ ಹಲಗೆಗೆ ಒತ್ತಡದಲ್ಲಿ ರಾಸಾಯನಿಕ ತುಂಬಿಸುತ್ತಾರೆ. ಹಿಂದೆ ಅದರಲ್ಲಿ ಕ್ರೋಮಿಯಂ, ತಾಮ್ರದ ಜೊತೆ ಆರ್ಸೆನಿಕ್ ಇರುತ್ತಿತ್ತು. 2003ರ ಕೊನೆಗೆ ವಾಸದ ಮನೆಗಳಿಗೆ ಅಂಥ ಮರ ತಯಾರಿಸುವುದನ್ನು ನಿಲ್ಲಿಸಿದರು. ಅದಕ್ಕಿಂತ ಹಳೆಯ ಡೆಕ್ ಆಗಿದ್ದರೆ ಉಪ್ಪುಕಾಗದ ಹಾಕಿ ತಿಕ್ಕುವಂತಿಲ್ಲ, ನಾನು ಮಾಡಿದ ಹಾಗೆ ಜೋರು ನೀರು ಹೊಡೆದು ನಾರು ಹಾರಿಸುವುದಂತೂ ಸಲ್ಲ. ಆ ಹುಡಿ ಮಣ್ಣಿಗೂ ಮೈಗೂ ಸೇರುತ್ತದೆ. ಈ ಮಾತು ಕೇಳಿದ ಮೇಲೆ ನನ್ನ ಪರಿಚಯದ ಕನ್ನಡದ ಮನೆಗಳಿಗೆಲ್ಲ ಫೋನ್ ಮಾಡಿ ಅವರವರ ಡೆಕ್‌ನ ವಯಸ್ಸು ಕೇಳಿದ್ದೇನೆ. ಹಳೆಯ ಮನೆ ಕೊಂಡವರು ದಯವಿಟ್ಟು ಇದನ್ನು ಗಮನಿಸಬೇಕು. ಮಕ್ಕಳು ಅಂಬೆಗಾಲಿಡುವ ಜಾಗ ಅದು.

ಮೂರು ಹಲಗೆ ಬದಲಾಯಿಸಿ, ಎದ್ದ ಮೊಳೆಗಳನ್ನು ಕಿತ್ತು ತುಕ್ಕು ಹಿಡಿಯದ ಸ್ಕ್ರೂ ಹಾಕಿದರು. ಈಗಿನ ರಾಸಾಯನಿಕದಲ್ಲಿ ತಾಮ್ರ ಹೆಚ್ಚು, ಸಾದಾ ಕಬ್ಬಿಣವನ್ನು ಅದು ಬೇಗ ತಿನ್ನುತ್ತದಂತೆ. ನಾನು ಎಬ್ಬಿಸಿದ ನಾರನ್ನು ಎರಡು ದಿನ ಉಪ್ಪುಕಾಗದದ ಯಂತ್ರದಲ್ಲಿ ತಿಕ್ಕಿ ಸಮ ಮಾಡಿದರು. ಅಷ್ಟು ಹೊತ್ತೂ ಮುಖಕ್ಕೆ ಮಾಸ್ಕ್. ಅಪ್ಪಯ್ಯ ಒಳಗೆ ಬರಲೊಲ್ಲರು, ಮೆಟ್ಟಿಲ ಮೇಲೆ ಕೂತು ನೋಡಿದ್ದೇ ನೋಡಿದ್ದು.

ತೊಳೆಯುವ ದಿನ ಬಂತು. ಅವರ ಗಾಡಿಯಲ್ಲಿದ್ದ ಯಂತ್ರ ನಾನು ತಂದದ್ದಕ್ಕಿಂತ ದೊಡ್ಡದು. ಆದರೆ ಮೊದಲ ಎರಡು ಗಂಟೆ ಅದನ್ನು ಮುಟ್ಟಲಿಲ್ಲ. ತುಳಸಿ, ಕರಿಬೇವು, ಮಲ್ಲಿಗೆ ಕುಂಡಗಳನ್ನು ಒಂದೊಂದಾಗಿ ದೂರ ಒಯ್ದಿಟ್ಟರು. ಡೆಕ್ ಸುತ್ತಲಿನ ಗಿಡಗಳ ಬುಡಕ್ಕೂ ಎಲೆಗೂ ಸಾಕಷ್ಟು ನೀರು ಹನಿಸಿದರು, ಆಮೇಲೆ ಬೀಳುವ ಮದ್ದು ತೆಳುವಾಗಲೆಂದು. ಬೆಚ್ಚಗಿನ ನೀರಿಗೆ ಬಿಳಿ ಹುಡಿ ಕಲಸಿದರು. ಸೋಡಿಯಂ ಪರ್‌ಕಾರ್ಬೊನೇಟ್. ನೀರಿಗೆ ಬಿದ್ದೊಡನೆ ಅದು ಬಟ್ಟೆ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಬೇರೆಯಾಗುತ್ತದೆ. ಗಾಯಕ್ಕೆ ಪೆರಾಕ್ಸೈಡ್ ಹಾಕಿದಾಗ ನೊರೆ ಬರುತ್ತದಲ್ಲ, ಅದೇ ನೊರೆ ಹಲಗೆಯ ಮೇಲೆ ಬಂತು. ಬಿಸಿಲು ಬೀಳದ ಹೊತ್ತು ನೋಡಿ, ಒಣಗಲು ಬಿಡದೆ ಇಪ್ಪತ್ತು ನಿಮಿಷ ನೆನೆಸಿದರು. ನೈಲಾನ್ ಎಳೆಯ ಬ್ರಷ್‌ನಲ್ಲಿ ಮರದ ಎಳೆಯ ಗುಂಟ ತಿಕ್ಕಿದರು. ತಂತಿಯ ಬ್ರಷ್ ಯಾಕಲ್ಲ ಎಂದು ಕೇಳಿದೆ. ಅದರಿಂದ ಉದುರುವ ಕಬ್ಬಿಣದ ಚೂರು ಮರದಲ್ಲಿ ಕೂತು ನಾಳೆ ಕಪ್ಪು ಚುಕ್ಕೆಯಾಗುತ್ತದೆ ಎಂದರು. ಹಪ್ಪಳದ ಎಣ್ಣೆ ಕಲೆಗೆ ಮಾತ್ರ ಎರಡು ಸಲ ಮದ್ದು ಬೇಕಾಯಿತು. ಅಮ್ಮ ಕಿಟಕಿಯಿಂದ ನೋಡುತ್ತ ಬೇಜಾರು ಮಾಡಿಕೊಂಡಳು. ಮುಂದೆ ಕರಿಯುವಾಗ ಒಲೆಯಡಿಗೆ ರಟ್ಟು ಹಾಸಿಕೊಂಡರಾಯಿತು ಎಂದು ಸಮಾಧಾನ ಹೇಳಿದೆ.

ಇಷ್ಟಾದ ಮೇಲೆ ಯಂತ್ರ. ಬಿಳಿ ಮೂತಿ, ಒತ್ತಡವನ್ನು 600ರ ಸುತ್ತಮುತ್ತ ಇಳಿಸಿ, ಮೊದಲು ಕೆಳಗಿನ ಮೆಟ್ಟಿಲ ಬದಿಯಲ್ಲಿ ಪರೀಕ್ಷೆ. ಆಮೇಲೆ ಅವರು ನಡೆದದ್ದನ್ನು ನೋಡಬೇಕಿತ್ತು. ನಾನು ಒಂದೇ ಕಡೆ ನಿಂತು ಕೈಯನ್ನು ಗಡಿಯಾರದ ಲೋಲಕದ ಹಾಗೆ ಬೀಸಿದ್ದೆ. ಅದಕ್ಕೇ ಬಿಲ್ಲಿನ ಗೀರುಗಳು. ಕೈ ಬೀಸಿನ ನಡುವೆ ಮೂತಿ ಮರಕ್ಕೆ ಹತ್ತಿರ, ತುದಿಗಳಲ್ಲಿ ದೂರ. ಅವರು ಕೈಯನ್ನು ಅಲುಗಿಸಲೇ ಇಲ್ಲ. ಮೂತಿಯನ್ನು ಹಲಗೆಯಿಂದ ಒಂದು ಅಡಿ ಮೇಲೆ ಹಿಡಿದು, ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ತಾವೇ ನಡೆದರು. ನೀರು ಶುರುವಾಗುವುದು ಹಲಗೆಯ ಆಚೆ ಗಾಳಿಯಲ್ಲಿ, ನಿಲ್ಲುವುದೂ ಗಾಳಿಯಲ್ಲಿ. ಎಲ್ಲಿಯೂ ತಡೆದು ನಿಲ್ಲುವುದಿಲ್ಲ. ಊಳುವವನು ಸಾಲು ತಪ್ಪದೆ ನಡೆಯುವ ನಡಿಗೆ ಅದು, ಹಾಗೆಂದು ಹೇಳಿದ್ದು ಅಪ್ಪಯ್ಯ. ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಆ ಮನುಷ್ಯ ಯಂತ್ರ ನಿಲ್ಲಿಸಿ, ಟೋಪಿ ತೆಗೆದು, ತಮ್ಮ ತಾತ ತಂಬಾಕಿನ ಹೊಲ ಉಳುತ್ತಿದ್ದರು ಎಂದರು. ಕೊಳೆ ಬಿಡಿಸುವುದು ಮದ್ದಿನ ಕೆಲಸ, ನೀರು ಬರೀ ಅದನ್ನು ಸಾಗಹಾಕುವುದಕ್ಕೆ ಎಂದೂ ಹೇಳಿದರು. ಒತ್ತಡ ಜಾಸ್ತಿ ಬೇಕು ಅನ್ನಿಸಿದರೆ ಮದ್ದಿಗೆ ಇನ್ನೂ ಹೊತ್ತು ಕೊಡಬೇಕಂತೆ.

ತೊಳೆದಾದ ಮೇಲೆ ಮರ ಚೆನ್ನಾಗಿ ಕಾಣಲಿಲ್ಲ. ಸೋಡಾ ಕ್ಷಾರಕ್ಕೆ ಕಂದು ಕಪ್ಪಾಗಿ, ನೆನೆದ ಗೋಣಿಯ ಹಾಗಿತ್ತು. ಮೊಳೆ ಇದ್ದಲ್ಲೆಲ್ಲ ಕಪ್ಪು ಕಣ್ಣೀರು ಇಳಿದಂತೆ ಗೆರೆ. ನನಗೆ ದಿಗಿಲಾಯಿತು. ಅವರು ಇನ್ನೊಂದು ಪುಡಿ ಕಲಸಿ, ಕೈಪಂಪಿನಲ್ಲಿ ಮಂಜಿನ ಹಾಗೆ ಸಿಂಪಡಿಸಿದರು. ಆಕ್ಸಾಲಿಕ್ ಆಮ್ಲ.

ನಾನು ಹಲಗೆಯೊಂದರ ಮುಂದೆ ಕೂತು ಕಣ್ಣಿಟ್ಟು ನೋಡಿದೆ. ಮೊದಲ ಒಂದು ನಿಮಿಷ ಏನೂ ಇಲ್ಲ. ಆಮೇಲೆ ಹಲಗೆಯ ಅಂಚಿನಿಂದ ಕಂದು ಬಣ್ಣ ಹಿಂದೆ ಸರಿಯತೊಡಗಿತು, ಮೋಡದ ನೆರಳು ಗದ್ದೆಯ ಮೇಲಿಂದ ಸರಿಯುವ ಹಾಗೆ. ಮೊಳೆಯ ಕಪ್ಪು ಮೊದಲು ನೀಲಿ ಛಾಯೆಗೆ ತಿರುಗಿ, ಮಸುಕಾಗಿ, ಮಾಯವಾಯಿತು. ಮೆಟ್ಟುಗತ್ತಿಯಲ್ಲಿ ಬಾಳೆಕಾಯಿ ಹೆಚ್ಚಿದರೆ ಕೈ ಕಪ್ಪಾಗುತ್ತದಲ್ಲ, ಇದೂ ಅದೇ ಕಪ್ಪು, ಮರದ ಒಗರಿಗೆ ಕಬ್ಬಿಣ ಸೇರಿದ್ದು. ಕಬ್ಬಿಣವನ್ನು ಆಮ್ಲ ತನ್ನೊಳಗೆ ಕರಗಿಸಿಕೊಂಡಿತು. ಹತ್ತು ನಿಮಿಷದಲ್ಲಿ ಆಗ ತಾನೇ ಹತ್ತರಿ ಹೊಡೆದ ಮರದ ಜೇನು ಬಣ್ಣ. ಒಂದು ಗಂಟಿನ ಸುತ್ತ ಉಂಗುರಗಳು ಹರಿವ ನೀರು ಕಲ್ಲನ್ನು ಬಳಸಿ ಹೋದಂತೆ ಕಂಡವು. ಅಷ್ಟು ವರ್ಷ ಅದರ ಮೇಲೆ ಕಾಲಿಟ್ಟು ಓಡಾಡಿದ್ದೆ, ಅದು ಅಲ್ಲಿದೆ ಎಂದೇ ಗೊತ್ತಿರಲಿಲ್ಲ. ಅಮ್ಮ ಹೊರಗೆ ಬಂದು ಬಗ್ಗಿ ನೋಡಿ, "ಹುಣಸೆಹಣ್ಣು ಹಾಕಿ ತಾಮ್ರದ ಹಂಡೆ ತಿಕ್ಕಿದ ಹಾಗಾಯ್ತಲೇ" ಎಂದಳು. ಅವಳು ಹೇಳಿದ್ದು ರಸಾಯನಶಾಸ್ತ್ರದ ಮಟ್ಟಿಗೂ ಸರಿ, ಎರಡೂ ಹುಳಿಯ ಕೆಲಸವೇ. ಕೆಸುವಿನ ಸೊಪ್ಪು ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುವುದಕ್ಕೆ ಕಾರಣವಾದ ಸಣ್ಣ ಹರಳುಗಳೂ ಇದೇ ಆಮ್ಲದಿಂದ ಆದವು. ನಮ್ಮ ಹಿತ್ತಿಲಿನ ಎಲೆಯಲ್ಲಿರುವ ವಸ್ತುವಿಗೆ ಇಂಥ ಉಪಯೋಗವಿದೆ ಎಂದು ತಿಳಿದು ಅವಳಿಗೆ ಖುಷಿಯಾಯಿತು. ಹಾಗೆಂದು ಅದು ಸಾಧು ವಸ್ತುವಲ್ಲ. ಕೈಗವಸು, ಕನ್ನಡಕ ಇಲ್ಲದೆ ಅವರು ಮುಟ್ಟಲಿಲ್ಲ.

ಆಮೇಲೆ ಕಾಯುವುದು. ಎರಡು ದಿನ ಒಣಗಬೇಕಿತ್ತು, ಮೂರನೆಯ ದಿನ ಗುಡುಗು ಮಳೆ ಬಂದು ಮತ್ತೆ ಮೊದಲಿಂದ ಎಣಿಕೆ. ಎರಡು ಮುಳ್ಳಿನ ಪುಟ್ಟ ಮೀಟರನ್ನು ಹಲಗೆಗೆ ಚುಚ್ಚಿ ತೇವ ನೋಡುತ್ತಿದ್ದರು. ಶೇ. 15ಕ್ಕಿಂತ ಕೆಳಗೆ ಇಳಿಯದೆ ಎಣ್ಣೆ ಮುಟ್ಟಿಸುವುದಿಲ್ಲ ಎಂದರು. ಒಳಗೆ ನೀರಿದ್ದರೆ ಎಣ್ಣೆಗೆ ಜಾಗ ಎಲ್ಲಿ? ಕೊನೆಗೆ ಬಳಿದದ್ದು ಸ್ಟೇನ್ ಎಂಬ ಅರೆಪಾರದರ್ಶಕ ಬಣ್ಣದೆಣ್ಣೆ, ಒಂದೇ ಕೈ. ಮೇಲೆ ಪೊರೆ ಕಟ್ಟುವ ಬಣ್ಣ ಬಳಿದರೆ ನಾಲ್ಕು ವರ್ಷಕ್ಕೆ ಸಿಪ್ಪೆ ಏಳುತ್ತದೆ, ಆಗ ಅದನ್ನು ಕೆರೆಯುವುದೇ ದೊಡ್ಡ ಕೆಲಸ. ಎಣ್ಣೆ ಮರದೊಳಗೆ ಇಳಿಯುತ್ತದೆ, ಸವೆದರೆ ಮತ್ತೆ ಕೊಟ್ಟರಾಯಿತು. ಹೀರದೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆದರು. ಆ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಲಿಲ್ಲ, ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿದರು. ಇಂಥ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ನನಗೆ ನಂಬಲಾಗಲಿಲ್ಲ. ಅಪ್ಪಯ್ಯ ತಟ್ಟನೆ ನಂಬಿದರು. ಹಸಿ ಹುಲ್ಲನ್ನು ಬಣವೆ ಒಟ್ಟಿದರೆ ಒಳಗೆ ಕೈ ಹಾಕಲಾಗದಷ್ಟು ಕಾಯುವುದನ್ನು ಅವರು ಕಂಡಿದ್ದಾರೆ.

ಊರಿಗೆ ಹೊರಡುವವರೆಗೂ ಅಪ್ಪಯ್ಯ ಆ ಡೆಕ್ ಮೇಲೆ ಚಪ್ಪಲಿ ಹಾಕಲಿಲ್ಲ.

ಕಳೆದ ವರ್ಷ ಊರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅಲ್ಲಿಯೂ ಈಗ ಇಂಟರ್‌ಲಾಕ್ ಹಾಕಿದ ಅಂಗಳ ತೊಳೆಯಲು ಮನೆಮನೆಗೆ ಪ್ರೆಶರ್ ವಾಷರ್ ಬಂದಿದೆ. ಸಿಮೆಂಟಿನ ಪಾಚಿಗೆ ಅದು ಒಳ್ಳೆಯದೇ, ಮಳೆಗಾಲದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ. ಅಂಗಳ ಆದ ಮೇಲೆ ಜಗುಲಿಯ ಕಂಬಗಳನ್ನೂ ಹಾಗೇ ಹೊಡೆದುಬಿಡುತ್ತೇನೆ, ಹೊಗೆ ಜಿಡ್ಡು ಹಿಡಿದಿದೆ ಎಂದ. ನಾನು ಕೂಗಿಕೊಂಡೆ. ಮುತ್ತಜ್ಜನ ಕಾಲದ ಹಲಸಿನ ಕಂಬಗಳು, ಬೋದಿಗೆಯಲ್ಲಿ ಹೂವಿನ ಕೆತ್ತನೆ ಇದೆ. ಎಷ್ಟೋ ಕೈಗಳು ಸವರಿ ಬಂದ ನುಣುಪು ಅದು. ವೀಡಿಯೊ ಕರೆಯಲ್ಲಿ ನನ್ನ ಹಳೆಯ ಗೀರುಗಳ ಫೋಟೊ ತೋರಿಸಿದೆ. ಕೊನೆಗೆ ಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಹಾಕಿ, ಹಿಂಡಿದ ಬಟ್ಟೆಯಲ್ಲಿ ಒರೆಸುವುದಕ್ಕೆ ಒಪ್ಪಿದ. ಪಕ್ಕದಲ್ಲಿ ಕೂತಿದ್ದ ಅಪ್ಪಯ್ಯ, ಒರೆಸುವುದು ನಾನೇ ಎಂದರು.

ಎಣ್ಣೆ ಇನ್ನೂ ಇದೆಯೋ ಎಂದು ತಿಳಿಯಲು ಆ ಕೆಲಸದವರು ಒಂದು ಉಪಾಯ ಹೇಳಿಕೊಟ್ಟಿದ್ದರು. ಒಂದು ಚಮಚ ನೀರು ಹಲಗೆ ಮೇಲೆ ಬಿಡುವುದು. ಕೆಸುವಿನೆಲೆಯ ಮೇಲೆ ನಿಂತ ಹಾಗೆ ನಿಂತರೆ ಚಿಂತೆಯಿಲ್ಲ. ಇಂಗಿದರೆ ಮರಕ್ಕೆ ಬಾಯಾರಿದೆ ಎಂದು ಅರ್ಥ. ಪ್ರತಿ ವಸಂತದಲ್ಲಿ ಪರಾಗ ತೊಳೆದ ಮೇಲೆ ಅಪ್ಪಯ್ಯನೇ ಫೋನ್‌ನಲ್ಲಿ ನೆನಪಿಸುತ್ತಾರೆ, "ನೀರು ಬಿಟ್ಟು ನೋಡಿದ್ಯಾ?" ಎರಡು ವರ್ಷ ನಿಂತಿತ್ತು. ಈ ಸಲ ಮೆಟ್ಟಿಲ ಹತ್ತಿರದ, ದಿನಾ ಬಿಸಿಲು ಬೀಳುವ ಹಲಗೆಯ ಮೇಲೆ ಬಿಟ್ಟೆ. ಹನಿ ಅಗಲವಾಯಿತು, ಅಂಚು ಕಪ್ಪಾಯಿತು, ಐವತ್ತು ಎಣಿಸುವಷ್ಟರಲ್ಲಿ ಒಳಗೆ ಹೋಯಿತು. ಪರ್‌ಕಾರ್ಬೊನೇಟ್ ಡಬ್ಬಿ, ನೈಲಾನ್ ಬ್ರಷ್ ತಂದಿಟ್ಟಿದ್ದೇನೆ. ಈ ಸಲ ತೊಳೆಯುವುದು ತೋಟದ ಪೈಪಿನ ನೀರಿನಲ್ಲೇ. ಶನಿವಾರ ಮೋಡ ಇರುತ್ತದೆ, ಮಳೆಯಿಲ್ಲ ಎಂದಿದ್ದಾರೆ.